ಮಾರದ ಷೇರಿನ ಮೇಲೆ 14 ಕೋಟಿ ಲಾಭ: ಕಂಪನಿಯ ಲೆಕ್ಕವನ್ನು ನಂಬಬಹುದೇ?

ಓದುಗರ ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದು ಅಕ್ಕಿ ಗಿರಣಿ. ಕೊಪ್ಪಳದ ಹತ್ತಿರದ ಒಂದು ಉಕ್ಕಿನ ಕಂಪನಿ ಆರಂಭವಾದಾಗಲೇ ತಂದೆಯವರು ಅದರ ಷೇರು ಕೊಂಡಿದ್ದರು. ಈಗ ಆ ಕಂಪನಿಯ ಬಹುಪಾಲು ಷೇರು ಷೇರುಪೇಟೆಯಲ್ಲಿರುವ ಇನ್ನೊಂದು ದೊಡ್ಡ ಕಂಪನಿಯ ಕೈಯಲ್ಲಿದೆ; ನಮ್ಮ ಷೇರು ಮಾತ್ರ ಪೇಟೆಯಲ್ಲಿ ಮಾರಾಟವಾಗುವುದಿಲ್ಲ. ಈ ವರ್ಷದ ವರದಿಯಲ್ಲಿ ತೆರಿಗೆಗೆ ಮುಂಚಿನ ಲಾಭ 15 ಕೋಟಿಯಿಂದ 26 ಕೋಟಿಗೆ ಏರಿದೆ. ನೋಡಿದರೆ ಅದರಲ್ಲಿ 14 ಕೋಟಿ ಯಲಬುರ್ಗಾ ಕಡೆಯ ಒಂದು ಸೌರ ವಿದ್ಯುತ್ ಕಂಪನಿಯಲ್ಲಿ ಇವರಿಗಿರುವ ಶೇ 11ರ ಪಾಲಿನ 'ಫೇರ್ ವ್ಯಾಲ್ಯೂ' 28 ಕೋಟಿಯಿಂದ 42 ಕೋಟಿಗೆ ಏರಿದ್ದರಿಂದ ಬಂದದ್ದಂತೆ. ಒಂದು ಷೇರನ್ನೂ ಮಾರಿಲ್ಲ, ಒಂದು ರೂಪಾಯಿಯೂ ಬಂದಿಲ್ಲ. ಡಿವಿಡೆಂಡ್ ಕೇಳಿದರೆ ಹಣವಿಲ್ಲ ಎನ್ನುತ್ತಾರೆ. ನಮ್ಮ ಗೋದಾಮಿನಲ್ಲಿ ಭತ್ತ ಬಿದ್ದಿರುವಾಗ ದರ ಏರಿತೆಂದು ನಾವು ಲಾಭ ಬರೆಯುವುದಿಲ್ಲ. ಬರೆದರೆ ನಮ್ಮ ಆಡಿಟರ್ ಒಪ್ಪುವುದಿಲ್ಲ. ದೊಡ್ಡ ಕಂಪನಿಗೆ ಒಂದು ನ್ಯಾಯ, ನಮಗೊಂದು ನ್ಯಾಯವೇ? ಇದು ಮೋಸವಲ್ಲವೇ? ಈ ನಡುವೆ ದೊಡ್ಡಪ್ಪನ ಮಗ ನನ್ನ ಷೇರುಗಳನ್ನು ತಲಾ 900 ರೂಪಾಯಿಗೆ ಕೊಡು ಎನ್ನುತ್ತಿದ್ದಾನೆ. ವರದಿಯ ಪ್ರಕಾರ ಒಂದು ಷೇರಿನ ಪುಸ್ತಕ ಮೌಲ್ಯ 1,480 ರೂಪಾಯಿ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂಶಯಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮಾರದ ಆಸ್ತಿಯ ಮೇಲೆ ಲಾಭ ಬರೆಯಲು ಕಾನೂನು ಬಿಡುತ್ತದೆಯೇ ಎಂಬುದು ಒಂದು. ಬಿಡುವುದಾದರೆ, ಬರೆದ ಆ 42 ಕೋಟಿ ನಂಬಲರ್ಹವೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸ್ಪಷ್ಟವಿದೆ: ಬಿಡುತ್ತದೆ, ಅಷ್ಟೇ ಅಲ್ಲ, ನಿಮ್ಮ ಕಂಪನಿಯಂಥ ಕಂಪನಿಗಳಿಗೆ ಹಾಗೆ ಬರೆಯುವುದು ಕಡ್ಡಾಯ. ಎರಡನೆಯದಕ್ಕೆ ಹೌದು ಅಥವಾ ಇಲ್ಲ ಎಂದು ಇಲ್ಲಿಂದಲೇ ಹೇಳಲಾಗದು. ಆದರೆ ಉತ್ತರದ ಬಹುಪಾಲು ನಿಮ್ಮ ಕೈಯಲ್ಲಿರುವ ವರದಿಯ ಟಿಪ್ಪಣಿಗಳಲ್ಲೇ ಇದೆ. ಬಳ್ಳಾರಿಯಲ್ಲಿ ಲೆಕ್ಕಪರಿಶೋಧನೆ ಮಾಡುವ ನನ್ನ ಬಳಿ ಬರುವ ಷೇರುದಾರರಲ್ಲಿ ಹೆಚ್ಚಿನವರು ಲಾಭದ ಸಾಲನ್ನು ಓದಿ ಪುಸ್ತಕ ಮುಚ್ಚಿಟ್ಟಿರುತ್ತಾರೆ. ನೀವು ಅದನ್ನು ದಾಟಿ ಆ 14 ಕೋಟಿ ಎಲ್ಲಿಂದ ಬಂತೆಂದು ಹುಡುಕಿದ್ದೀರಿ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಭತ್ತದ ಮಾತು. ನಿಮ್ಮ ಆಡಿಟರ್ ಹೇಳುವುದು ಸರಿ. ಮಾರಾಟಕ್ಕಿಟ್ಟ ದಾಸ್ತಾನನ್ನು ಕೊಂಡ ಬೆಲೆ ಮತ್ತು ಮಾರಿದರೆ ಖರ್ಚು ಕಳೆದು ಕೈಗೆ ಬರುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಆ ಬೆಲೆಗೆ ಬರೆಯಬೇಕು. ಈ ನಿಯಮ ಗಿರಣಿಗೂ ಒಂದೇ, ಉಕ್ಕಿನ ಕಂಪನಿಗೂ ಒಂದೇ. ಆ ಕಂಪನಿಯೂ ತನ್ನ ಅಂಗಳದಲ್ಲಿರುವ ಅದಿರನ್ನು ಹಾಗೆಯೇ ಬರೆದಿರುತ್ತದೆ. ವ್ಯತ್ಯಾಸ ಇರುವುದು ಹೂಡಿಕೆಯ ವಿಷಯದಲ್ಲಿ. ನಿಮ್ಮ ಗಿರಣಿಯಂಥ ಸಂಸ್ಥೆಗಳೂ ಸಣ್ಣ ಕಂಪನಿಗಳೂ ಅನುಸರಿಸುವ ಹಳೆಯ ಲೆಕ್ಕಪತ್ರ ಮಾನದಂಡಗಳಲ್ಲಿ ದೀರ್ಘಾವಧಿ ಹೂಡಿಕೆಯನ್ನು ಕೊಂಡ ಬೆಲೆಗೇ ಇಟ್ಟುಕೊಂಡು, ಶಾಶ್ವತವೆನಿಸುವ ಕುಸಿತವಾದರೆ ಮಾತ್ರ ತಗ್ಗಿಸುತ್ತಾರೆ. 2015ರಲ್ಲಿ ಕೇಂದ್ರ ಸರ್ಕಾರ ಹೊಸ ಭಾರತೀಯ ಲೆಕ್ಕಪತ್ರ ಮಾನದಂಡಗಳನ್ನು, ಅಂದರೆ ನಾವು ಇಂಡ್ ಎಎಸ್ ಎಂದು ಕರೆಯುವವನ್ನು, ಪ್ರಕಟಿಸಿತು. ಷೇರುಪೇಟೆಯಲ್ಲಿರುವ ಕಂಪನಿಗಳಿಗೂ 250 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಿವ್ವಳ ಸಂಪತ್ತಿರುವ ಕಂಪನಿಗಳಿಗೂ 2016 ಮತ್ತು 2017ರಲ್ಲಿ ಎರಡು ಹಂತಗಳಲ್ಲಿ ಅವು ಜಾರಿಗೆ ಬಂದವು. ಅಂಥ ಕಂಪನಿಯ ಅಂಗಸಂಸ್ಥೆ, ಅಂದರೆ ಅದು ಬಹುಪಾಲು ಷೇರು ಹೊಂದಿರುವ ಕಂಪನಿ, ಎಷ್ಟೇ ಚಿಕ್ಕದಿದ್ದರೂ ಅದಕ್ಕೂ ಇವು ಅನ್ವಯಿಸುತ್ತವೆ. ನಿಮ್ಮ ಕಂಪನಿ ಈ ಬಾಗಿಲಿನಿಂದಲೇ ಒಳಬಂದಿದೆ.

ಹೊಸ ಮಾನದಂಡದ ಪ್ರಕಾರ ಇನ್ನೊಂದು ಕಂಪನಿಯಲ್ಲಿರುವ ಸಾಮಾನ್ಯ ಷೇರು ಹೂಡಿಕೆಯನ್ನು, ಅದು ತನ್ನದೇ ಅಂಗಸಂಸ್ಥೆ, ಸಹವರ್ತಿ ಸಂಸ್ಥೆ ಅಥವಾ ಜಂಟಿ ಉದ್ಯಮ ಆಗಿರದಿದ್ದರೆ, ಪ್ರತಿ ವರ್ಷ ನ್ಯಾಯೋಚಿತ ಮೌಲ್ಯಕ್ಕೆ, ಅಂದರೆ ನಿಮ್ಮ ವರದಿಯ 'ಫೇರ್ ವ್ಯಾಲ್ಯೂ'ಗೆ, ತರಬೇಕು. ವರ್ಷದ ಕೊನೆಯ ದಿನ ಆ ಷೇರನ್ನು ವಿಷಯ ತಿಳಿದ, ಯಾವ ಒತ್ತಡವೂ ಇಲ್ಲದ ಕೊಳ್ಳುವವರಿಗೆ ಕ್ರಮಬದ್ಧವಾಗಿ ಮಾರಿದ್ದರೆ ಎಷ್ಟು ಸಿಗುತ್ತಿತ್ತೋ ಅದೇ ನ್ಯಾಯೋಚಿತ ಮೌಲ್ಯ. ಕಂಪನಿ ಎಷ್ಟು ಕೊಟ್ಟು ಕೊಂಡಿತ್ತು, ಮುಂದೆ ಎಷ್ಟಾಗಬಹುದೆಂದು ಆಡಳಿತ ಮಂಡಳಿ ನಂಬಿದೆ ಎಂಬ ಎರಡೂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಏರಿಕೆಯನ್ನಷ್ಟೇ ಬರೆದು ಇಳಿಕೆಯನ್ನು ಬಿಡುವಂತೆಯೂ ಇಲ್ಲ. ಮುಂದಿನ ವರ್ಷ ಅದೇ ಪಾಲು 30 ಕೋಟಿಗೆ ಇಳಿದರೆ 12 ಕೋಟಿ ನಷ್ಟ ಅದೇ ಲಾಭ-ನಷ್ಟ ಪಟ್ಟಿಯಲ್ಲಿ ಕಾಣಿಸಿಕೊಳ್ಳಲೇಬೇಕು. ಈ ಕಾರಣಕ್ಕೇ ನಾನು ಈ ಪದ್ಧತಿಯ ಪರವಾಗಿದ್ದೇನೆ. ಕೊಂಡ ಬೆಲೆಯಲ್ಲೇ ಇಡುವ ಹಳೆಯ ಪದ್ಧತಿಯಲ್ಲಿ, ಕೊಳೆತುಹೋದ ಹೂಡಿಕೆಗಳು ವರ್ಷಗಟ್ಟಲೆ ಪೂರ್ಣ ಬೆಲೆಯಲ್ಲಿ ಪಟ್ಟಿಯೊಳಗೆ ಕುಳಿತಿರುತ್ತಿದ್ದವು ಮತ್ತು ಕುಸಿತ ತಾತ್ಕಾಲಿಕ ಎನ್ನುವ ಒಂದು ಸಾಲಿನ ಸಮರ್ಥನೆ ಸಾಕಾಗುತ್ತಿತ್ತು.

ಇಲ್ಲಿ ಕಂಪನಿಗೆ ಒಂದು ಆಯ್ಕೆಯಿತ್ತು. ವ್ಯಾಪಾರದ ಉದ್ದೇಶಕ್ಕಲ್ಲದೆ ಇಟ್ಟುಕೊಳ್ಳುವ ಷೇರು ಹೂಡಿಕೆಯ ಏರಿಳಿತವನ್ನು ಲಾಭದಲ್ಲಿ ತೋರಿಸದೆ 'ಇತರ ಸಮಗ್ರ ಆದಾಯ' ಎಂಬ ಪ್ರತ್ಯೇಕ ಭಾಗದಲ್ಲಿ ತೋರಿಸುತ್ತೇವೆ ಎಂದು, ಹೂಡಿಕೆಯನ್ನು ಮೊದಲ ಬಾರಿ ಲೆಕ್ಕಕ್ಕೆ ತೆಗೆದುಕೊಳ್ಳುವಾಗಲೇ ತೀರ್ಮಾನಿಸಬಹುದು. ಒಮ್ಮೆ ತೀರ್ಮಾನಿಸಿದರೆ ಬದಲಿಸುವಂತಿಲ್ಲ. ಮುಂದೆ ಮಾರಿ ಲಾಭ ಬಂದರೂ ಅದು ಲಾಭ-ನಷ್ಟ ಪಟ್ಟಿಗೆ ಬರುವುದಿಲ್ಲ. ನಿಮ್ಮ ಕಂಪನಿ ಆ ದಾರಿ ಹಿಡಿದಿಲ್ಲ. ಹಿಡಿದಿದ್ದರೆ ಇದೇ ವರ್ಷದ ಲಾಭ 12 ಕೋಟಿ ಎಂದು ಅಚ್ಚಾಗುತ್ತಿತ್ತು. ಎರಡೂ ಕಾನೂನುಬದ್ಧ, ವ್ಯವಹಾರವೂ ಒಂದೇ, ಆದರೆ ಓದುವವರ ಮನಸ್ಸಿನ ಮೇಲೆ ಬೀಳುವ ಪರಿಣಾಮ ಬೇರೆ ಬೇರೆ.

ಆ 12 ಕೋಟಿಯ ಮೇಲೆ ಸ್ವಲ್ಪ ನಿಲ್ಲಿ. ನೀವು ಲಗತ್ತಿಸಿದ ಪುಟದಲ್ಲಿ ಹಿಂದಿನ ವರ್ಷದ 15 ಕೋಟಿಯಲ್ಲೂ 1 ಕೋಟಿ ಇದೇ ಬಗೆಯ ಏರಿಕೆಯಿಂದ ಬಂದಿದೆ. ಅದನ್ನು ಕಳೆದರೆ ಉಕ್ಕಿನ ವ್ಯವಹಾರದ ಲಾಭ ಕಳೆದ ವರ್ಷ 14 ಕೋಟಿ, ಈ ವರ್ಷ 12 ಕೋಟಿ. ಅಂದರೆ ಮುಖಪುಟ 15ರಿಂದ 26ಕ್ಕೆ ಏರಿತೆಂದು ಹೇಳುತ್ತಿರುವ ವರ್ಷದಲ್ಲೇ ಮೂಲ ವ್ಯವಹಾರ 2 ಕೋಟಿಯಷ್ಟು ತಗ್ಗಿದೆ. ಕಂಪನಿ ಇದನ್ನು ಬಚ್ಚಿಟ್ಟಿಲ್ಲ, ಪ್ರತಿ ಅಂಕಿಯೂ ವರದಿಯಲ್ಲಿದೆ. ಆದರೆ ಅಧ್ಯಕ್ಷರ ಮಾತಿನಲ್ಲಿ ಅದರ ಪ್ರಸ್ತಾಪವಿಲ್ಲ. ನನ್ನ ದೃಷ್ಟಿಯಲ್ಲಿ ನಿಮ್ಮ ಕಳವಳಕ್ಕೆ ನಿಜವಾಗಿ ತಕ್ಕ ವಿಷಯ ಇದು. ನಗದು ಹರಿವಿನ ಪಟ್ಟಿಯನ್ನೂ ತೆರೆದು ನೋಡಿ: ಮೇಲುಗಡೆ ತೆರಿಗೆಗೆ ಮುಂಚಿನ ಲಾಭ 26 ಕೋಟಿ ಎಂದು ಬರೆದು, ಅದರ ಕೆಳಗೆ ಸವಕಳಿಯನ್ನು ಕೂಡಿಸಿ, ನ್ಯಾಯೋಚಿತ ಮೌಲ್ಯದ ಏರಿಕೆ 14 ಕೋಟಿಯನ್ನು ಕಳೆದಿರುತ್ತಾರೆ. ನಗದು ಬಂದಿಲ್ಲವೆಂದು ಕಂಪನಿಯೇ ಒಪ್ಪಿಕೊಳ್ಳುವ ಸಾಲು ಅದು.

ಡಿವಿಡೆಂಡ್‌ಗೆ ಹಣವಿಲ್ಲ ಎಂದು ಕಂಪನಿಯವರು ಹೇಳಿದ್ದು ಅರ್ಧ ಮಾತ್ರ ಸರಿ. 2013ರ ಕಂಪನಿಗಳ ಕಾಯ್ದೆಯ 123ನೇ ಕಲಮಿಗೆ 2017ರ ತಿದ್ದುಪಡಿ ಕಾಯ್ದೆಯ ಮೂಲಕ ಸೇರಿದ ಮಾತು ಹೀಗಿದೆ: ಲಾಭಾಂಶ ಹಂಚಲು ಲಾಭವನ್ನು ಎಣಿಸುವಾಗ ಇನ್ನೂ ಕೈಗೆ ಬಾರದ ಲಾಭ, ಕಾಲ್ಪನಿಕ ಲಾಭ, ಮರುಮೌಲ್ಯಮಾಪನದ ಲಾಭ ಹಾಗೂ ನ್ಯಾಯೋಚಿತ ಮೌಲ್ಯಕ್ಕೆ ತಂದಾಗ ಆದ ವ್ಯತ್ಯಾಸವನ್ನು ಹೊರಗಿಡಬೇಕು. ಆದ್ದರಿಂದ ಆ 14 ಕೋಟಿಯನ್ನು ಹಂಚಿದ್ದರೆ ಅದೇ ತಪ್ಪಾಗುತ್ತಿತ್ತು. ನಿರ್ದೇಶಕರ ಸಂಭಾವನೆಯ ಮಿತಿಯನ್ನು ಲೆಕ್ಕ ಹಾಕುವಾಗಲೂ ಇದನ್ನು ಸೇರಿಸುವಂತಿಲ್ಲ. ಇದನ್ನು ನೀವು ಪರಿಶೀಲಿಸುವುದು ಒಳ್ಳೆಯದು. ಬ್ಯಾಂಕುಗಳಿಗೂ ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿರ್ದೇಶನಗಳಲ್ಲಿ, ಪೇಟೆಯ ಆಧಾರವಿಲ್ಲದೆ ಅಂದಾಜಿನ ಮೇಲೆ ನಿಂತ ನಿವ್ವಳ ಏರಿಕೆಯಿಂದ ಲಾಭಾಂಶ ಕೊಡಬಾರದೆಂದು ಹೇಳಿದೆ. ಆದರೆ ಉಳಿದ 12 ಕೋಟಿಗೆ, ತೆರಿಗೆ ಕಳೆದ ಮೇಲೆ, ಈ ನಿಷೇಧವಿಲ್ಲ. ಅದರಲ್ಲಿ ಏಕೆ ಕೊಡಲಿಲ್ಲ ಎಂಬುದಕ್ಕೆ ಸಾಲ ತೀರಿಸುವುದು, ಹೊಸ ಕುಲುಮೆ ಹಾಕುವುದು ಹೀಗೆ ಯಾವುದೋ ವ್ಯಾವಹಾರಿಕ ಕಾರಣ ಇರಬೇಕು, ಆ ಕಾರಣವನ್ನು ಅವರು ಹೇಳಬೇಕು.

ಇನ್ನು 42 ಕೋಟಿಯ ಮಾತಿಗೆ ಬರೋಣ. ನ್ಯಾಯೋಚಿತ ಮೌಲ್ಯವನ್ನು ಯಾವ ಆಧಾರದಿಂದ ಕಂಡುಹಿಡಿದರು ಎಂಬುದನ್ನು ಇಂಡ್ ಎಎಸ್ 113 ಮೂರು ಹಂತಗಳಲ್ಲಿ ವಿಂಗಡಿಸುತ್ತದೆ, ವರದಿಯಲ್ಲಿ ಅವು ಲೆವೆಲ್ 1, 2, 3 ಎಂದು ಅಚ್ಚಾಗಿರುತ್ತವೆ. ಷೇರುಪೇಟೆಯಲ್ಲಿ ದಿನವೂ ಮಾರಾಟವಾಗುವ ಷೇರಿಗೆ ಮಾರ್ಚ್ 31ರ ಪೇಟೆ ದರವೇ ಮೌಲ್ಯ. ಅದು ಮೊದಲ ಹಂತ, ಅಲ್ಲಿ ಯಾರ ಅಭಿಪ್ರಾಯಕ್ಕೂ ಜಾಗವಿಲ್ಲ. ಒಂದು ಬಾಂಡು ಪೇಟೆಯಲ್ಲಿ ಓಡಾಡದಿದ್ದರೂ ಅಂಥದ್ದೇ ಬಾಂಡುಗಳ ಬಡ್ಡಿ ಇಳುವರಿ ಕಣ್ಣಿಗೆ ಕಾಣುತ್ತಿದ್ದರೆ ಅದರಿಂದ ಲೆಕ್ಕ ಹಾಕುವುದು ಎರಡನೆಯ ಹಂತ. ಪೇಟೆಯಲ್ಲಿ ಕಾಣುವ ಯಾವ ಆಧಾರವೂ ಸಾಲದೆ, ಮುಖ್ಯ ಅಂಶಗಳನ್ನು ಕಂಪನಿಯೇ ಅಂದಾಜು ಮಾಡಬೇಕಾದಾಗ ಅದು ಮೂರನೆಯ ಹಂತ. ನಿಮ್ಮ ಕಂಪನಿಯ ಸೌರ ವಿದ್ಯುತ್ ಪಾಲು ಮೂರನೆಯ ಹಂತದಲ್ಲಿದೆ.

ಮೂರನೆಯ ಹಂತ ಎಂದ ಮಾತ್ರಕ್ಕೆ ಸುಳ್ಳು ಎಂದಲ್ಲ, ಆದರೆ ಅಲ್ಲಿ ಅಂಕಿ ಬಹಳ ಬೇಗ ಜಾರುತ್ತದೆ. ಬೈಜೂಸ್ ಕಂಪನಿಗೆ 2022ರಲ್ಲಿ ಬಂಡವಾಳ ಸಂಗ್ರಹದ ವೇಳೆ 2,200 ಕೋಟಿ ಡಾಲರ್ ಬೆಲೆ ಕಟ್ಟಲಾಗಿತ್ತು; ಅದರಲ್ಲಿ ಶೇ 9.6ರಷ್ಟು ಪಾಲು ಹೊಂದಿದ್ದ ನೆದರ್ಲೆಂಡ್ಸ್‌ನ ಪ್ರೋಸಸ್ 2024ರಲ್ಲಿ ತನ್ನ ಪಾಲಿನ ಮೌಲ್ಯವನ್ನು ಸೊನ್ನೆಗೆ ಇಳಿಸಿತು. ಪೇಟೆಯಿಲ್ಲದ ಷೇರಿನ ಮೌಲ್ಯ ಎಷ್ಟೇ ದೊಡ್ಡ ಹೂಡಿಕೆದಾರರ ಕೈಯಲ್ಲಿದ್ದರೂ ಊಹೆಗಳ ಮೇಲೆಯೇ ನಿಂತಿರುತ್ತದೆ.

ನಿಮ್ಮ ವರದಿಯ ಟಿಪ್ಪಣಿಯಲ್ಲಿ ಆ ಊಹೆಗಳ ಒಂದು ತುದಿ ಸಿಗುತ್ತದೆ. ಮುಂದಿನ ವರ್ಷಗಳಲ್ಲಿ ಬರಬಹುದಾದ ನಗದನ್ನು ಇಂದಿನ ಬೆಲೆಗೆ ಇಳಿಸುವ ವಿಧಾನ ಬಳಸಿದ್ದಾರೆ. ಹಾಗೆ ಇಳಿಸಲು ಬಳಸುವ ದರವನ್ನು ಡಿಸ್ಕೌಂಟ್ ದರ ಎನ್ನುತ್ತೇವೆ. ಅಪಾಯ ಹೆಚ್ಚಿದ್ದರೆ ದರ ಹೆಚ್ಚು, ದರ ಹೆಚ್ಚಿದಷ್ಟೂ ಇಂದಿನ ಮೌಲ್ಯ ಕಡಿಮೆ. ಕಳೆದ ವರ್ಷ ಇದು ಶೇ 14 ಇತ್ತು, ಈ ವರ್ಷ ಶೇ 12. ಇದರ ಪರಿಣಾಮವನ್ನು ನೀವೇ ಸ್ಥೂಲವಾಗಿ ಅಳೆಯಬಹುದು. ಸೌರ ಘಟಕದಿಂದ ಈ ಪಾಲಿಗೆ 20 ವರ್ಷ ಪ್ರತಿ ವರ್ಷ ಒಂದೇ ಮೊತ್ತ ಬರುತ್ತದೆ ಎಂದು ಇಟ್ಟುಕೊಳ್ಳಿ. ಶೇ 12ರ ದರದಲ್ಲಿ ವರ್ಷಕ್ಕೆ 1 ಕೋಟಿ ಬರುವುದಾದರೆ ಅದರ ಇಂದಿನ ಮೌಲ್ಯ 7.47 ಕೋಟಿ, ಶೇ 14ರಲ್ಲಿ 6.62 ಕೋಟಿ. 42 ಕೋಟಿ ಬರಬೇಕಾದರೆ ವರ್ಷಕ್ಕೆ ಸುಮಾರು 5.62 ಕೋಟಿ ಬರಬೇಕು. ಅದೇ 5.62 ಕೋಟಿಯನ್ನು ಹಳೆಯ ಶೇ 14ರ ದರದಲ್ಲಿ ಇಳಿಸಿದರೆ ಮೌಲ್ಯ 37.2 ಕೋಟಿಗೆ ನಿಲ್ಲುತ್ತದೆ. ಅಂದರೆ 14 ಕೋಟಿ ಏರಿಕೆಯಲ್ಲಿ ಸುಮಾರು 4.8 ಕೋಟಿ ಕೇವಲ ದರ ಬದಲಿಸಿದ್ದರಿಂದ ಹುಟ್ಟಿದ್ದು. ದರ ಶೇ 1ರಷ್ಟು ಹೆಚ್ಚಾದರೆ ಮೌಲ್ಯ 2.5 ಕೋಟಿ ತಗ್ಗುತ್ತದೆ ಎಂದು ಟಿಪ್ಪಣಿಯಲ್ಲೂ ಹೇಳಿದ್ದಾರೆ, ನಮ್ಮ ಸ್ಥೂಲ ಲೆಕ್ಕಕ್ಕೂ ಅದು ಹೊಂದುತ್ತದೆ. ಉಳಿದ 9 ಕೋಟಿ ಚಿಲ್ಲರೆ ಎಲ್ಲಿಂದ ಬಂತು ಎಂಬುದೇ ಈಗ ಉಳಿಯುವ ಪ್ರಶ್ನೆ.

ಅದಕ್ಕೆ ಒಳ್ಳೆಯ ಉತ್ತರಗಳೂ ಇರಬಹುದು. ಸೌರ ಕಂಪನಿ ತನ್ನ ಬ್ಯಾಂಕ್ ಸಾಲದ ದೊಡ್ಡ ಕಂತು ತೀರಿಸಿದ್ದರೆ ಷೇರುದಾರರ ಪಾಲು ಸಹಜವಾಗಿ ಹೆಚ್ಚುತ್ತದೆ. ಎರಡನೆಯ ಘಟಕ ಈ ವರ್ಷ ಉತ್ಪಾದನೆ ಆರಂಭಿಸಿದ್ದರೆ, ಕಳೆದ ವರ್ಷ ಕಾಗದದಲ್ಲಿದ್ದ ಆದಾಯ ಈಗ ನಿಜವಾಗಿದೆ, ಅಪಾಯವೂ ತಗ್ಗಿದೆ. ಆಗ ದರ ಇಳಿಸಿದ್ದಕ್ಕೂ ಸಮರ್ಥನೆ ಸಿಗುತ್ತದೆ. ಆದರೆ ಸೌರ ವಿದ್ಯುತ್ತಿನ ಮಾರಾಟ ದರ ಸಾಮಾನ್ಯವಾಗಿ ದೀರ್ಘ ಒಪ್ಪಂದದಲ್ಲಿ ನಿಗದಿಯಾಗಿರುತ್ತದೆ, ಅದು ವರ್ಷ ವರ್ಷ ಏರುವುದಿಲ್ಲ. ಸೂರ್ಯನೂ ಕಳೆದ ವರ್ಷದಷ್ಟೇ ಬೆಳಗುತ್ತಾನೆ, ಫಲಕಗಳ ಉತ್ಪಾದನೆ ವರ್ಷಕ್ಕಿಷ್ಟು ಎಂದು ಕುಗ್ಗುತ್ತಲೂ ಇರುತ್ತದೆ. ಹೀಗಿರುವಾಗ ಹೊಸ ಘಟಕವೂ ಇಲ್ಲದೆ, ಸಾಲವೂ ತೀರದೆ, ಅಂದಾಜು ಉತ್ಪಾದನೆಯನ್ನು ಹೆಚ್ಚಿಸಿಯೋ, ವಿದ್ಯುತ್ ಕೊಂಡವರಿಂದ ಹಣ ಬರುವ ಅವಧಿಯನ್ನು ಕಡಿಮೆ ಎಂದು ಹಿಡಿದೋ ಮೌಲ್ಯ ಏರಿಸಿದ್ದರೆ, ಅದನ್ನು ಒಪ್ಪುವ ಮುನ್ನ ನಾನು ಗಟ್ಟಿಯಾದ ದಾಖಲೆ ಕೇಳುತ್ತೇನೆ. ಇನ್ನೊಂದು ಅಂಶವನ್ನೂ ಮರೆಯಬೇಡಿ. ಶೇ 11ರ ಪಾಲಿನಿಂದ ಆಡಳಿತದ ಹಿಡಿತ ಸಿಗುವುದಿಲ್ಲ, ಪೇಟೆಯಿಲ್ಲದ ಷೇರನ್ನು ಬೇಕೆಂದಾಗ ಮಾರಲೂ ಆಗದು. ಕೊಳ್ಳುವವರು ಇದಕ್ಕಾಗಿ ಬೆಲೆಯಲ್ಲಿ ಕಡಿತ ಕೇಳುತ್ತಾರಾದ್ದರಿಂದ ಮೌಲ್ಯಮಾಪನದಲ್ಲೂ ಅದು ಇರಬೇಕು. ಕಳೆದ ವರ್ಷ ಇದ್ದ ಕಡಿತ ಈ ವರ್ಷ ಮಾಯವಾಗಿದ್ದರೆ 9 ಕೋಟಿಯ ಒಂದು ಭಾಗ ಅಲ್ಲಿಯೇ ಸಿಕ್ಕೀತು.

ನೋಂದಾಯಿತ ಮೌಲ್ಯಮಾಪಕರ ವರದಿ ಇದೆ, ಆಡಿಟರ್ ಸಹಿ ಹಾಕಿದ್ದಾರೆ, ಆದ್ದರಿಂದ ಪ್ರಶ್ನೆಯೇ ಇಲ್ಲ ಎಂಬ ಮಾತನ್ನು ಸಭೆಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಮೌಲ್ಯಮಾಪಕರು ಸಾಮಾನ್ಯವಾಗಿ ಕಂಪನಿ ಕೊಟ್ಟ ಮುನ್ನಂದಾಜಿನ ಮೇಲೆಯೇ ಲೆಕ್ಕ ಹಾಕುತ್ತಾರೆ, ವರದಿಯ ಕೊನೆಯ ಪುಟಗಳಲ್ಲಿ ಅದನ್ನು ಹೇಳಿಯೂ ಇರುತ್ತಾರೆ. ನಾವು ಲೆಕ್ಕಪರಿಶೋಧಕರು ವಿಧಾನವನ್ನೂ ಊಹೆಗಳನ್ನೂ ಅಂಕಿಗಳನ್ನೂ ಪರೀಕ್ಷಿಸಿ, ಅವು ಸಮಂಜಸವಾದ ಮಿತಿಯೊಳಗಿವೆಯೇ ಎಂದು ನೋಡುತ್ತೇವೆ. ಆ ಮಿತಿ ಕೆಲವೊಮ್ಮೆ ವಿಶಾಲವಾಗಿರುತ್ತದೆ: 35 ಕೋಟಿಯೂ ಒಪ್ಪುವಂಥದ್ದು, 42 ಕೋಟಿಯೂ ಒಪ್ಪುವಂಥದ್ದು ಆಗಿರಬಹುದು. ಮಿತಿಯ ಮೇಲಿನ ಅಂಚನ್ನೇ ವರ್ಷ ವರ್ಷವೂ ಆರಿಸಿಕೊಳ್ಳುವ ಆಡಳಿತ ಮಂಡಳಿಯ ಬಗ್ಗೆ ಎಚ್ಚರ ಬೇಕು. ನಿಮ್ಮ ಕಂಪನಿಯ ಬಹುಪಾಲು ಷೇರು ಹೊಂದಿರುವ ಮೂಲ ಕಂಪನಿ ಷೇರುಪೇಟೆಯಲ್ಲಿರುವುದರಿಂದ ಅದರ ವಾರ್ಷಿಕ ವರದಿ ಷೇರು ವಿನಿಮಯ ಕೇಂದ್ರದ ಜಾಲತಾಣದಲ್ಲಿ ಸಿಗುತ್ತದೆ. ಆ ಕಂಪನಿಯ ಆಡಿಟರ್ ತಮ್ಮ ವರದಿಯಲ್ಲಿ ಪರಿಶೋಧನೆಯ ಪ್ರಮುಖ ವಿಷಯಗಳನ್ನು ಬಿಡಿಸಿ ಹೇಳಬೇಕು. ಈ ಮೌಲ್ಯಮಾಪನ ಅಲ್ಲಿ ಪ್ರಸ್ತಾಪವಾಗಿದ್ದರೆ ನಿಮಗೆ ಹೆಚ್ಚಿನ ವಿವರ ಸಿಗಬಹುದು.

ಈಗ ನೀವು ಏನು ಮಾಡಬಹುದು ಎಂಬ ವಿಷಯ. ವಾರ್ಷಿಕ ಸಭೆ ಸೆಪ್ಟೆಂಬರ್ ಕೊನೆಯೊಳಗೆ ನಡೆಯಬೇಕು, ಲೆಕ್ಕಪತ್ರಗಳು ಸಭೆಗೆ 21 ದಿನ ಮುಂಚೆ ನಿಮ್ಮ ಕೈಸೇರಬೇಕು. ಸಭೆಯ ದಿನ ಎದ್ದು ನಿಂತು ಮೋಸವೆಂದು ಕೂಗಿದರೆ ಉತ್ತರವೂ ಕೂಗಿನಲ್ಲೇ ಬರುತ್ತದೆ. ಅದರ ಬದಲು ಕಂಪನಿ ಕಾರ್ಯದರ್ಶಿಗೆ ಮುಂಚಿತವಾಗಿ ಪತ್ರ ಬರೆದು, ಡಿಸ್ಕೌಂಟ್ ದರವನ್ನು ಶೇ 14ರಿಂದ 12ಕ್ಕೆ ಇಳಿಸಲು ಕಾರಣವೇನು, 14 ಕೋಟಿ ಏರಿಕೆಯಲ್ಲಿ ದರದ ಪಾಲೆಷ್ಟು, ನಗದು ಅಂದಾಜಿನ ಪಾಲೆಷ್ಟು, ಹಿಡಿತವಿಲ್ಲದ ಪಾಲಿಗೆ ಎಷ್ಟು ಕಡಿತ ಮಾಡಿದ್ದೀರಿ, ಕಳೆದ ವರ್ಷದ ಅಂದಾಜು ಉತ್ಪಾದನೆ ಮತ್ತು ನಿಜವಾದ ಉತ್ಪಾದನೆಯ ನಡುವೆ ಎಷ್ಟು ಅಂತರವಿತ್ತು ಎಂದು ಕೇಳಿ. ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಹಿಂದಿನ ಅಂದಾಜು ಎಷ್ಟು ನಿಜವಾಯಿತು ಎಂಬುದೇ ಈಗಿನ ಅಂದಾಜಿಗೆ ಸಿಗುವ ಉತ್ತಮ ಪರೀಕ್ಷೆ. ಕಂಪನಿ ವಿನಾಯಿತಿ ಕೊಡದ ಹೊರತು ಆಡಿಟರ್ ಅಥವಾ ಅವರ ಅರ್ಹ ಪ್ರತಿನಿಧಿ ಸಭೆಗೆ ಬರಲೇಬೇಕು, ಪತ್ರದ ಪ್ರತಿಯನ್ನು ಅವರಿಗೂ ಕಳುಹಿಸಿ. ಮೌಲ್ಯಮಾಪನದ ಪೂರ್ಣ ವರದಿ ಕೊಡಲು ಅವರು ನಿರಾಕರಿಸಬಹುದು. ಆದರೆ ಬಳಸಿದ ವಿಧಾನ, ಮುಖ್ಯ ಊಹೆಗಳು, ವರ್ಷದ ಆರಂಭದಿಂದ ಕೊನೆಯವರೆಗಿನ ಏರಿಳಿತದ ಪಟ್ಟಿ ಇವೆಲ್ಲ ಟಿಪ್ಪಣಿಯಲ್ಲಿರಲೇಬೇಕೆಂದು ಮಾನದಂಡವೇ ಹೇಳುತ್ತದೆ. ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗುವ ಮಾತನ್ನು ಸದ್ಯ ಬಿಡಿ. ಕಂಪನಿಯ ಆಡಳಿತ ದಬ್ಬಾಳಿಕೆ ಮಾಡುತ್ತಿದೆ ಎಂಬ ಅರ್ಜಿಗೆ ಸಾಮಾನ್ಯವಾಗಿ 100 ಸದಸ್ಯರೋ, ಸದಸ್ಯರಲ್ಲಿ ಹತ್ತನೇ ಒಂದರಷ್ಟು ಜನವೋ, ಇಲ್ಲವೇ ಷೇರು ಬಂಡವಾಳದ ಹತ್ತನೇ ಒಂದು ಪಾಲು ಇರುವವರೋ ಬೇಕು, ಮತ್ತು ಒಂದು ಅಂದಾಜಿನ ಬಗೆಗಿನ ಭಿನ್ನಾಭಿಪ್ರಾಯ ಅಲ್ಲಿ ಹೆಚ್ಚು ದೂರ ಸಾಗುವುದಿಲ್ಲ.

ದೊಡ್ಡಪ್ಪನ ಮಗನ 900 ರೂಪಾಯಿಯ ಮಾತು ಬೇರೆಯೇ. 1,480 ರೂಪಾಯಿ ಪುಸ್ತಕ ಮೌಲ್ಯ, ಅಂದರೆ ಲೆಕ್ಕಪತ್ರದ ಆಸ್ತಿಯಲ್ಲಿ ಸಾಲ ಕಳೆದು ಒಂದು ಷೇರಿಗೆ ಬರುವ ಪಾಲು, ನಿಮ್ಮ ಷೇರಿನ ಬೆಲೆಯಲ್ಲ. ಅದರಲ್ಲಿ ಸೌರ ಪಾಲು ಈ ಮಾರ್ಚಿನ ಅಂದಾಜಿನಲ್ಲಿದೆ, ಕಾರ್ಖಾನೆ ಮತ್ತು ಜಮೀನು ಬಹುಶಃ ಹಳೆಯ ಕೊಂಡ ಬೆಲೆಯಲ್ಲಿವೆ; ಬೇರೆ ಬೇರೆ ಅಳತೆಗಳನ್ನು ಕೂಡಿಸಿ ಬಂದ ಅಂಕಿ ಅದು. ಅವರು ಕಡಿಮೆ ಕೇಳುತ್ತಿದ್ದಾರೆಂದೋ ಹೆಚ್ಚು ಕೊಡುತ್ತಿದ್ದಾರೆಂದೋ ಅದರಿಂದ ಹೇಳಲಾಗದು. ಹಣದ ತುರ್ತು ಇಲ್ಲದಿದ್ದರೆ ಕಂಪನಿಯ ಲಿಖಿತ ಉತ್ತರ ಬರುವವರೆಗೆ ಕಾಯಿರಿ. ಕಾಯುವುದರ ಅಪಾಯವೆಂದರೆ ಕೊಳ್ಳುವವರು ಮನಸ್ಸು ಬದಲಿಸಬಹುದು, ಪೇಟೆಯಿಲ್ಲದ ಷೇರಿಗೆ ಇನ್ನೊಬ್ಬರು ಸಿಗುವುದು ಕಷ್ಟ. ಮಾರುವುದೇ ಆದರೆ ಆದಾಯ ತೆರಿಗೆಯವರ ಲೆಕ್ಕವನ್ನು ಮೊದಲು ಹಾಕಿಸಿ. ಪೇಟೆಯಲ್ಲಿಲ್ಲದ ಷೇರಿಗೆ ತೆರಿಗೆ ನಿಯಮಗಳಲ್ಲಿ ಪ್ರತ್ಯೇಕ ಮಾರುಕಟ್ಟೆ ಮೌಲ್ಯದ ಸೂತ್ರವಿದೆ. ಅದರಲ್ಲಿ ಸ್ಥಿರಾಸ್ತಿಯನ್ನು ಮುದ್ರಾಂಕದ ದರದಲ್ಲಿ ಹಿಡಿಯುತ್ತಾರೆ, ಕಂಪನಿಯ ಕೈಯಲ್ಲಿರುವ ಷೇರುಗಳಿಗೂ ಅದೇ ನಿಯಮಗಳ ಬೆಲೆ ಕಟ್ಟುತ್ತಾರೆ, ಆದ್ದರಿಂದ ವರದಿಯ 42 ಕೋಟಿ ಅಲ್ಲಿ ಹಾಗೆಯೇ ಬರುವುದಿಲ್ಲ. ಆ ಸೂತ್ರದ ಬೆಲೆ 900ಕ್ಕಿಂತ ಹೆಚ್ಚಾದರೆ ನೀವು ಹೆಚ್ಚಿನ ಬೆಲೆಗೆ ಮಾರಿದ್ದೀರೆಂದೇ ಭಾವಿಸಿ ನಿಮ್ಮ ಬಂಡವಾಳ ಲಾಭಕ್ಕೆ ತೆರಿಗೆ ಹಾಕುತ್ತಾರೆ. ವ್ಯತ್ಯಾಸ 50,000 ರೂಪಾಯಿ ದಾಟಿದರೆ ಕೊಂಡವರಿಗೂ ಅದು ಆದಾಯವಾಗುತ್ತದೆ. ಸಂಬಂಧಿಕರ ನಡುವಿನ ವಿನಾಯಿತಿ ಇದೆಯಲ್ಲ ಎಂದು ಅವರು ಹೇಳಿದರೆ, ತೆರಿಗೆ ಕಾನೂನಿನ ಸಂಬಂಧಿಕರ ಪಟ್ಟಿಯಲ್ಲಿ ದೊಡ್ಡಪ್ಪನ ಮಗ ಇಲ್ಲ ಎಂಬುದನ್ನು ಅವರ ಗಮನಕ್ಕೆ ತನ್ನಿ.

ಕಾಗದದ ಷೇರು ಪತ್ರಗಳು ಇನ್ನೂ ತಂದೆಯವರ ಹೆಸರಿನಲ್ಲೇ ಇದ್ದರೆ ಮೊದಲು ಅವನ್ನು ವಾರಸುದಾರರಾಗಿ ನಿಮ್ಮ ಹೆಸರಿಗೆ ಮಾಡಿಸಿಕೊಂಡು, ಡಿಮ್ಯಾಟ್ ಖಾತೆಗೆ ಹಾಕಿಸಿ. ಪಬ್ಲಿಕ್ ಕಂಪನಿಯ ಅಂಗಸಂಸ್ಥೆಯನ್ನು ಕಾಯ್ದೆ ಪಬ್ಲಿಕ್ ಕಂಪನಿಯೆಂದೇ ಪರಿಗಣಿಸುತ್ತದೆ, ಮತ್ತು ಅಂಥ ಕಂಪನಿಯ ಷೇರನ್ನು 2018ರ ಅಕ್ಟೋಬರ್ 2ರಿಂದ ಡಿಮ್ಯಾಟ್ ಮಾಡದೆ ವರ್ಗಾಯಿಸುವಂತಿಲ್ಲ. ಈ ಕೆಲಸಕ್ಕೆ ಸಾಮಾನ್ಯವಾಗಿ ಕೆಲವು ವಾರಗಳು ಹಿಡಿಯುವುದರಿಂದ, ಮಾರುವುದೋ ಬಿಡುವುದೋ ನಿರ್ಧಾರವಾಗದಿದ್ದರೂ ಇದನ್ನು ಈಗಲೇ ಶುರು ಮಾಡಿ.